ಕಂಬಾಲಕೊಂಡದ ಕಾಡು, ಕಾರಂಜಿಯ ದಡ

ದಸರಾ ರಜೆಯಲ್ಲಿ ವಿಜಯವಾಡದ ಇಂದ್ರಕೀಲಾದ್ರಿ ಹತ್ತಿ ಕನಕದುರ್ಗಮ್ಮನ ದರ್ಶನ ಮಾಡಿದ ನಮ್ಮ ಕಡೆಯ ಕುಟುಂಬಗಳು, ಅಲ್ಲಿಂದ ಸುಮಾರು 350 ಕಿ.ಮೀ. ದೂರದ ವಿಶಾಖಪಟ್ಟಣವನ್ನೂ ನೋಡಿಬರುವುದುಂಟು. ಸಿಂಹಾಚಲದ ಅಪ್ಪನ್ನಸ್ವಾಮಿ, ರಾಮಕೃಷ್ಣ ಬೀಚು, ದಡಕ್ಕೆ ತಂದಿಟ್ಟ ಜಲಾಂತರ್ಗಾಮಿ ನೌಕೆ ಇಷ್ಟಾದರೆ ಹೊರಟೇಬಿಡುತ್ತಾರೆ. ಮೃಗಾಲಯದ ಮಾತೆತ್ತಿದರೆ ‘ಅದು ನಮ್ಮ ಮೈಸೂರಲ್ಲೇ ಇದೆಯಲ್ಲ’ ಎನ್ನುತ್ತಾರೆ. ಇದೆ, ಸೊಗಸಾಗಿಯೇ ಇದೆ. ಆದರೆ ಮೈಸೂರಿನಲ್ಲಿ ಸಿಗದ ಒಂದು ವಿಶಾಖಪಟ್ಟಣದಲ್ಲಿದೆ: ಜಾಗ.

ಮೈಸೂರಿನದು ಅರಮನೆಯ ಕೂಸು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ, 10 ಎಕರೆಯಲ್ಲಿ ಶುರುವಾಗಿ ಈಗ 157 ಎಕರೆಗೆ ಬೆಳೆದಿದೆ. ಮಗ್ಗುಲಲ್ಲೇ ಕಾರಂಜಿ ಕೆರೆ. ಸುತ್ತ ಊರು ಬೆಳೆದು ನಿಂತಿರುವುದರಿಂದ ಇನ್ನು ಹಿಗ್ಗಲು ದಾರಿಯಿಲ್ಲ. ವಿಶಾಖಪಟ್ಟಣದ ಇಂದಿರಾ ಗಾಂಧಿ ಮೃಗಾಲಯ ಜನರಿಗೆ ತೆರೆದುಕೊಂಡಿದ್ದು 1977ರ ಮೇ 19ರಂದು. ಕಂಬಾಲಕೊಂಡ ಮೀಸಲು ಅರಣ್ಯದಲ್ಲೇ ಬಿಡಿಸಿಕೊಂಡ 625 ಎಕರೆ ಅದರದು. ಮೂರು ಕಡೆ ಪೂರ್ವಘಟ್ಟದ ಗುಡ್ಡಗಳು, ನಾಲ್ಕನೆಯ ಕಡೆ ಬಂಗಾಳಕೊಲ್ಲಿ. ಒಂದು ಬಾಗಿಲು ಹೆದ್ದಾರಿಗೆ, ಇನ್ನೊಂದು ಬೀಚ್ ರಸ್ತೆಗೆ. ಬೇಲಿಯಾಚೆಯ ಕಾಡಿನಲ್ಲಿ ಕಾಡು ಚಿರತೆಗಳೇ ಓಡಾಡುತ್ತವೆ.

ಈ ಜಾಗದ ಬೆಲೆ ಗೊತ್ತಾಗಬೇಕಾದರೆ ಸೀಳುನಾಯಿಯನ್ನು ನೋಡಬೇಕು. ಬಂಡೀಪುರ, ನಾಗರಹೊಳೆಯ ಸಫಾರಿಯಲ್ಲಿ ಅದೃಷ್ಟವಿದ್ದರೆ ಕಾಣುವ, ಕೆಂಗಂದು ಮೈಯ, ಕಪ್ಪು ಪೊದೆಬಾಲದ ಅದೇ ಪ್ರಾಣಿ. ಬೊಗಳುವುದಕ್ಕಿಂತ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುವುದೇ ಹೆಚ್ಚು. ಜಗತ್ತಿನಲ್ಲಿ ಮರಿ ಹಾಕುವ ವಯಸ್ಸಿನವು 949ರಿಂದ 2,215ರಷ್ಟು ಉಳಿದಿರಬಹುದೆಂದು 2015ರ ಅಂದಾಜು. ಹುಲಿಗೆ ಸಿಕ್ಕ ಗಮನದ ಕಾಲುಭಾಗವೂ ಇದಕ್ಕೆ ಸಿಕ್ಕಿಲ್ಲ. ಸೀಳುನಾಯಿಯ ಸಂರಕ್ಷಣಾ ಸಂತಾನಾಭಿವೃದ್ಧಿಯ ಮುಖ್ಯ ಹೊಣೆಯನ್ನು ಕೇಂದ್ರ ಮೃಗಾಲಯ ಪ್ರಾಧಿಕಾರ ವಹಿಸಿರುವುದು ವಿಶಾಖಪಟ್ಟಣಕ್ಕೆ. ಜೋಡಿಯೊಂದನ್ನು ಬೋನಿನಲ್ಲಿಟ್ಟು ಕಾದರೆ ಆಗುವ ಕೆಲಸವಲ್ಲ ಇದು. ಸೀಳುನಾಯಿ ಬದುಕುವುದೇ ಹಿಂಡಿನಲ್ಲಿ. ಗೂಡಿನಲ್ಲಿರುವ ಮರಿಗಳಿಗೂ ಹಾಲೂಡಿಸುವ ತಾಯಿಗೂ ಬೇಟೆಯಿಂದ ಮರಳಿದ ಉಳಿದವು ತಿಂದ ಮಾಂಸವನ್ನು ಕಕ್ಕಿ ಉಣ್ಣಿಸುತ್ತವೆ. ಹಾಗೆ ಕೂಡಿ ಬಾಳಲು, ನೋಡುಗರ ಕಣ್ಣು ತಪ್ಪಿಸಿ ಅಡಗಲು ಅಗಲವಾದ ನೆಲ ಬೇಕು. ಅದನ್ನು ಕೊಡಬಲ್ಲ ಮೃಗಾಲಯ ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು.

ನೋಡುಗರ ತಕರಾರೂ ಇದೇ ಜಾಗದಿಂದ ಹುಟ್ಟುತ್ತದೆ. ಸಮುದ್ರದಂಚಿನ ಧಗೆಯಲ್ಲಿ ಆವರಣದಿಂದ ಆವರಣಕ್ಕೆ ನಡೆದು ಮಕ್ಕಳು ಸುಸ್ತಾಗುತ್ತಾರೆ. ಅಷ್ಟು ನಡೆದ ಮೇಲೂ ಪ್ರಾಣಿ ಮರದ ಮರೆಯಲ್ಲಿ ಮಲಗಿರುತ್ತದೆ. ನನಗಂತೂ ಇದು ದೋಷವೆನಿಸುವುದಿಲ್ಲ. ಮೃಗಾಲಯದಲ್ಲಿ ಪ್ರಾಣಿಗೆ ಅಡಗುವ ಹಕ್ಕಿರಬೇಕು. ನಿಜವಾದ ಕೊರತೆ ಕಡಲ ಕಡೆಯಿಂದ ಬರುವಂಥದ್ದು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಗಂಟೆಗೆ 180 ಕಿ.ಮೀ.ಗೂ ಮೀರಿದ ಗಾಳಿಯೊಂದಿಗೆ ಅಪ್ಪಳಿಸಿದಾಗ ದಶಕಗಳ ಮರಗಳು ಬುಡಮೇಲಾದವು, ಬೇಲಿ, ಆವರಣಗಳು ಹಾಳಾದವು. ನೆರಳು ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಮೈಸೂರಿನ ಬಲವಿರುವುದು ಆಡಳಿತದಲ್ಲಿ. ಮೃಗಾಲಯಗಳಿಗೆಂದೇ 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ಹುಟ್ಟಿತು. ದೇಶದಲ್ಲಿ ಈ ಬಗೆಯ ಸ್ವಾಯತ್ತ ಸಂಸ್ಥೆ ಅದೇ ಮೊದಲು. ಟಿಕೆಟ್ಟಿನ ಹಣ ಮೇವು, ಮಾಂಸ, ಸಂಬಳಕ್ಕೆ ಒದಗುತ್ತದೆ. ಹುಟ್ಟುಹಬ್ಬದ ನೆಪದಲ್ಲಿ ಜನ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುತ್ತಾರೆ. 2020ರಲ್ಲಿ ಕೊರೊನಾದಿಂದ ಬಾಗಿಲು ಮುಚ್ಚಿ ಆದಾಯ ನಿಂತಾಗ ಕೈಹಿಡಿದದ್ದೂ ದಾನಿಗಳೇ. ಇಲ್ಲಿ ಹುಟ್ಟಿದ ಜಿರಾಫೆಗಳು ಬೇರೆ ಮೃಗಾಲಯಗಳಿಗೂ ಹೋಗಿವೆ. ಆದರೆ ಪೋಲೊನ ಕಥೆಯನ್ನು ಮರೆಯಲಾಗದು. ಸುಮತಿ ಎಂಬ ಹೆಣ್ಣು ಗೊರಿಲ್ಲಾಗೆ ಜೊತೆಯಾಗಲೆಂದು 1995ರಲ್ಲಿ ಡಬ್ಲಿನ್‌ನಿಂದ ತಂದ ಗಂಡು ಗೊರಿಲ್ಲಾ ಅವನು. ಅವಳು ತೀರಿಕೊಂಡ ಮೇಲೆ 2014ರಲ್ಲಿ ಸಾಯುವವರೆಗೂ ಒಂಟಿಯಾಗಿಯೇ ಉಳಿದ. ಗುಂಪಿನಲ್ಲಿ ಬಾಳುವ ಪ್ರಾಣಿಗೆ ಅದು ಶಿಕ್ಷೆಯೇ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಗೊರಿಲ್ಲಾಗಳು ಬಂದಾಗ ಅಣ್ಣತಮ್ಮಂದಿರಿಬ್ಬರನ್ನೂ ಒಟ್ಟಿಗೇ ಕರೆತಂದದ್ದು ಸಮಾಧಾನದ ಸಂಗತಿ. ದಸರೆಯ ಜನಜಂಗುಳಿ ಮಾತ್ರ ಇಂದಿಗೂ ಬಗೆಹರಿಯದ ಸಮಸ್ಯೆ. ಆ ದಿನಗಳ ಗದ್ದಲಕ್ಕೆ ಬೆನ್ನು ತಿರುಗಿಸಿ ಕೂರುವ ಪ್ರಾಣಿಯ ಮುಂದೆಯೇ ಚಪ್ಪಾಳೆ ತಟ್ಟಿ ಎಬ್ಬಿಸುವವರಿಗೆ ಕೊರತೆಯಿಲ್ಲ. ದಿನಕ್ಕಿಷ್ಟೇ ಟಿಕೆಟ್ಟು ಎಂದು ಮಿತಿ ಹಾಕುವ ಧೈರ್ಯವನ್ನು ನಮ್ಮವರು ಮಾಡಬೇಕು. ಆದಾಯ ತಗ್ಗಿದರೂ ಪರವಾಗಿಲ್ಲ.

ವಿಶಾಖಪಟ್ಟಣದ ಮೃಗಾಲಯಕ್ಕೆ ಸೋಮವಾರ ರಜೆ, ಮೈಸೂರಿಗೆ ಮಂಗಳವಾರ. ಇಂದ್ರಕೀಲಾದ್ರಿಯಿಂದ ಮುಂದಕ್ಕೆ ಹೊರಟವರು ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಲಿ, ಕುಡಿಯುವ ನೀರು ಜೊತೆಗಿರಲಿ. ಹುಲಿ, ಸಿಂಹ ಎಲ್ಲೂ ಸಿಗುತ್ತವೆ. ಬಿಸಿಲೇರುವ ಮುನ್ನ ಮೊದಲು ಸೀಳುನಾಯಿಯ ಆವರಣ ಎಲ್ಲಿದೆಯೆಂದು ಕೇಳಿಕೊಂಡು ಹೋಗಿ.