ರೋಮಜಿ: ಯಾರ ಕಿವಿಗೆ, ಯಾರ ಅಕ್ಷರ?

ನಮ್ಮಲ್ಲಿ ‘ಒಸಾಕಾ’ ಎಂದು ಅಚ್ಚಾಗುವ ಊರನ್ನು ಅಲ್ಲಿಯವರು ಕರೆಯುವುದು ‘ಓಸಕ’ ಎಂದು. ಮೊದಲಕ್ಷರ ದೀರ್ಘ, ಮಿಕ್ಕೆರಡೂ ಹ್ರಸ್ವ. ಕನ್ನಡದಲ್ಲಿ ಇದನ್ನು ಹಾಗೆಯೇ ಬರೆಯಬಹುದು. ಆದರೆ ಆ ಹೆಸರು ನಮಗೆ ಬಂದದ್ದು ರೋಮನ್ ಅಕ್ಷರದ ದಾರಿಯಾಗಿ. ದೀರ್ಘ ಅಲ್ಲಿಯೇ ಉದುರಿಹೋಗಿತ್ತು. ಜಪಾನಿ ಕಲಿಯಹೊರಟವರ ಕೈಗೆ ಮೊದಲು ಸಿಗುವುದೂ ಇದೇ ರೋಮನ್ ಬರಹ, ಅಂದರೆ ‘ರೋಮಜಿ’. ಅದನ್ನು ಎಷ್ಟು ನಂಬಬಹುದೆಂದು ತಿಳಿಯಲು ಅದು ಹುಟ್ಟಿದ ಬಗೆಯನ್ನು ನೋಡಬೇಕು.

1549ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಜಪಾನಿಗೆ ಕಾಲಿಟ್ಟ. ಅವನ ಹಿಂದೆ ಬಂದ ಜೆಸ್ಯುಯಿಟ್ ಪಾದ್ರಿಗಳು 1590ರಲ್ಲಿ ಮುದ್ರಣಯಂತ್ರ ತರಿಸಿ, ಪೋರ್ಚುಗೀಸ್ ಕಾಗುಣಿತದಲ್ಲಿ ಜಪಾನಿ ಪುಸ್ತಕ ಅಚ್ಚುಹಾಕಿದರು. ಅವುಗಳಲ್ಲಿ ‘ನಿಹೊನ್’ ಎಂಬುದು ‘ನಿಫೊನ್’, ‘ಹೆಯ್ಕೆ’ ಎಂಬುದು ‘ಫೆಯ್ಕೆ’. ಅದು ತಪ್ಪು ಬರಹವಲ್ಲ. ಇಂದಿನ ಹಕಾರವನ್ನು ಆ ಕಾಲದವರು ತುಟಿಯಿಂದ ನುಡಿಯುತ್ತಿದ್ದರೆಂಬುದಕ್ಕೆ ವಿದ್ವಾಂಸರಿಗೆ ಇವು ಸಾಕ್ಷಿ. 1603ರಲ್ಲಿ ನಾಗಸಾಕಿಯಲ್ಲಿ (ಅವರ ಬಾಯಲ್ಲಿ ‘ನಗಸಕಿ’) ಸುಮಾರು 32 ಸಾವಿರ ಪದಗಳ ನಿಘಂಟೂ ಹೊರಬರತೊಡಗಿತು. 1614ರಲ್ಲಿ ಕ್ರೈಸ್ತಧರ್ಮಕ್ಕೆ ನಿಷೇಧ ಬಿತ್ತು. ಬರಹವೂ ಮರೆಗೆ ಸರಿಯಿತು.

ಮತ್ತೆ ಜೀವ ಕೊಟ್ಟವನು ಅಮೆರಿಕದ ಮಿಷನರಿ ವೈದ್ಯ ಜೇಮ್ಸ್ ಕರ್ಟಿಸ್ ಹೆಪ್‌ಬರ್ನ್. ಅವನ ನಿಘಂಟು 1867ರಲ್ಲಿ ಶಾಂಘೈನಲ್ಲಿ ಅಚ್ಚಾಯಿತು. 1886ರ ಮೂರನೇ ಆವೃತ್ತಿಯ ಹೊತ್ತಿಗೆ ನೆಲೆಗೊಂಡ ಸೂತ್ರ ಸರಳ: ವ್ಯಂಜನ ಇಂಗ್ಲಿಷಿನಂತೆ, ಸ್ವರ ಇಟಾಲಿಯನ್ನಿನಂತೆ. ಜಪಾನಿಗರ ಬಾಯಲ್ಲಿ ಅವನು ‘ಹೆಬೊನ್’, ಪದ್ಧತಿ ‘ಹೆಬೊನ್-ಶಿಕಿ’. ಪರದೇಶಿ ಕಿವಿಗೆ ಹೊಲಿದ ಈ ಪದ್ಧತಿ ಭೌತವಿಜ್ಞಾನಿ ತನಕದತೆ ಐಕಿತ್ಸು ಅವರಿಗೆ ಒಗ್ಗಲಿಲ್ಲ. 1885ರಲ್ಲಿ ಅವರು ಜಪಾನಿ ಅಕ್ಷರಮಾಲೆಯ ಸಾಲುಗಳಿಗೇ ನಿಷ್ಠವಾದ ಇನ್ನೊಂದನ್ನು ಮುಂದಿಟ್ಟರು. ಅದರಲ್ಲಿ ‘ಚಿ’ ಬರೆಯುವುದು ‘ಟಿ’ ಎಂದು. 1937ರಲ್ಲಿ ಸರ್ಕಾರ ಒಪ್ಪಿದ್ದು ಬಹುಮಟ್ಟಿಗೆ ಅದನ್ನೇ. 1954ರಲ್ಲೂ ಅದಕ್ಕೇ ಮೊದಲ ಮಣೆ. ಜನ ಮಾತ್ರ ಹೆಬೊನ್ ಬಿಡಲಿಲ್ಲ. ಕೊನೆಗೆ 2025ರಲ್ಲಿ ಸರ್ಕಾರದ ಸಂಸ್ಕೃತಿ ಮಂಡಳಿಯೇ ಹೆಬೊನ್ ಕಡೆಗೆ ಹೊರಳಲು ಶಿಫಾರಸು ಮಾಡಿತು.

ಹೀಗೆ ಒಂದು ಇಂಗ್ಲಿಷ್ ಓದುವವರಿಗೆ, ಇನ್ನೊಂದು ಜಪಾನಿಗರಿಗೆ. ಕನ್ನಡಿಗರ ಅನುಕೂಲ ಬೇರೆಯೇ ಇದೆ. ಜಪಾನಿನ ‘ಕನ’ ಅಕ್ಷರಗಳ ಸಾಲು ಅ, ಇ, ಉ, ಎ, ಒ. ಮುಂದೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳ ಸಂಸ್ಕೃತಾಭ್ಯಾಸದಿಂದ ಅಲ್ಲಿಗೆ ಹೋದ ಕ್ರಮವಿದು. ನಮ್ಮ ವರ್ಣಮಾಲೆಯದೂ ಅದೇ ಮೂಲ. ‘ಒಬಸನ್’ ಅತ್ತೆಯಾದರೆ ‘ಒಬಾಸನ್’ ಅಜ್ಜಿ ಎಂದು ಗೊಂದಲಪಡುವ ಇಂಗ್ಲಿಷಿನವರ ಪಾಡು ನಮ್ಮದಲ್ಲ. ‘ಕಿತೆ’ ಮತ್ತು ‘ಕಿತ್ತೆ’ಯ ಅಂತರಕ್ಕೆ ಒತ್ತಕ್ಷರವಿದೆ. ಪತ್ರಿಕೆ ಎಂಬರ್ಥದ ‘ಶಿಂಬುನ್’ಗೆ ಎನ್ ಹಾಕಬೇಕೋ ಎಮ್ ಹಾಕಬೇಕೋ ಎಂದು ರೋಮನ್ ಪಂಡಿತರು ಜಗಳಾಡಿದರು, ನಮಗೆ ಸೊನ್ನೆ ಸಾಕು, ಮುಂದಿನ ಅಕ್ಷರ ನೋಡಿ ನಾಲಿಗೆ ತಾನೇ ಹೊರಳುತ್ತದೆ.

ಹಾಗೆಂದು ಕನ್ನಡ ಲಿಪಿ ಎಲ್ಲವನ್ನೂ ಹಿಡಿಯದು. ‘ದೆಸು’ವಿನ ಕೊನೆಯ ಉಕಾರ ತೋಕ್ಯೋ ಮಾತಿನಲ್ಲಿ ಕೇಳಿಸುವುದೇ ಕಷ್ಟ. ಅಲ್ಲಿ ‘ಹಶಿ’ಯ ದನಿ ಮೇಲಿಂದ ಇಳಿದರೆ ಊಟದ ಕಡ್ಡಿ, ಕೆಳಗಿಂದ ಏರಿದರೆ ಸೇತುವೆ. ಈ ಏರಿಳಿತವನ್ನು ಸ್ವತಃ ‘ಕನ’ವೂ ತೋರಿಸುವುದಿಲ್ಲ.

ಆದ್ದರಿಂದ ರೋಮಜಿಯನ್ನು ಕೀಲಿಮಣೆಗೂ ಊರಿನ ಫಲಕಕ್ಕೂ ಇಟ್ಟುಕೊಳ್ಳಿ. ಉಚ್ಚಾರಣೆ ಕಲಿಯಲು ಮೊದಲ ವಾರಗಳಲ್ಲೇ ‘ಕನ’ದ ಒಂದು ಬಗೆಯಾದ ಹಿರಗನದ 46 ಅಕ್ಷರ ತಿದ್ದಿ, ಅನುಮಾನ ಬಂದಲ್ಲಿ ಪಕ್ಕಕ್ಕೆ ಕನ್ನಡದಲ್ಲಿ ಗುರುತು ಹಾಕಿಕೊಳ್ಳಿ. ಏರಿಳಿತವನ್ನು ಜಪಾನಿಗರ ಮಾತು ಕೇಳಿಯೇ ಕಲಿಯಿರಿ.