ಬಿಟ್‌ಕಾಯಿನ್ ಧಾರಣೆ – ಯಾವ ಮಂಡಿಯದು?

ನಮ್ಮ ಧಾರಣೆ ಪುಟದಲ್ಲಿ ಅಡಿಕೆ, ಕಾಫಿ, ಕಾಳುಮೆಣಸುಗಳ ಜೊತೆಗೆ ಬಿಟ್‌ಕಾಯಿನ್ ಧಾರಣೆಯನ್ನೂ ಪ್ರಕಟಿಸಬೇಕೆಂದು ಹೊಸಪೇಟೆಯಲ್ಲಿ ನೆಲೆಸಿರುವ ಸದಸ್ಯರೊಬ್ಬರು ಪತ್ರ ಬರೆದಿದ್ದಾರೆ. ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲನ್ನು ಅದರಲ್ಲಿ ತೊಡಗಿಸೋಣವೆಂದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಒತ್ತಾಯಿಸುತ್ತಿದ್ದಾನೆ. ಮೊಬೈಲಿನಲ್ಲಿ ನೋಡಿದರೆ ಒಂದೊಂದು ಕಡೆ ಒಂದೊಂದು ದರ. ಇದರಲ್ಲಿ ನಿಜವಾದದ್ದು ಯಾವುದು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಆ ಧಾರಣೆಯನ್ನು ನಾವು ಪ್ರಕಟಿಸುವುದಿಲ್ಲ. ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಮಂಡಿಯ ಧಾರಣೆ ಓದುವುದು ನಮ್ಮ ಬೆಳೆಗಾರ ಬಂಧುಗಳಿಗೆ ಹೊಸದೇನಲ್ಲ. ಕನಿಷ್ಠ, ಗರಿಷ್ಠ, ಹೆಚ್ಚು ಸರಕು ಮಾರಾಟವಾದ ದರ ಎಂದು ಮೂರು ಅಂಕಿ ಇರುತ್ತವೆ. ಗರಿಷ್ಠ ದರ ಯಾರದೋ ಒಂದೆರಡು ಚೀಲಕ್ಕೆ ಮಾತ್ರ ಸಿಕ್ಕಿರಬಹುದೆಂದು ನಾವು ಬಲ್ಲೆವು. ಆದರೂ ಆ ಅಂಕಿಯ ಹಿಂದೆ ಒಂದು ಅಂಗಳವಿದೆ, ಲಾಟಿನ ನಂಬರಿದೆ, ತೂಕದ ಚೀಟಿ ಇದೆ, ಲೈಸೆನ್ಸು ಪಡೆದ ಖರೀದಿದಾರನಿದ್ದಾನೆ. ಸಂಶಯ ಬಂದರೆ ಹೋಗಿ ಕೇಳಬಹುದು, ಜಗಳವನ್ನೂ ಆಡಬಹುದು.

2009ರಲ್ಲಿ ಹುಟ್ಟಿದ ಬಿಟ್‌ಕಾಯಿನ್ನಿಗೆ ಇಂಥ ಒಂದು ಅಂಗಳವಿಲ್ಲ. ಅದು ನಡೆಯುವುದು ಎಕ್ಸ್‌ಚೇಂಜ್ ಎಂದು ಕರೆಯುವ ಖಾಸಗಿ ಕಂಪನಿಗಳಲ್ಲಿ. ಒಂದೊಂದೂ ಪ್ರತ್ಯೇಕ ಮಂಡಿ. ಮಂಡಿಯ ಯಜಮಾನನೇ ತಕ್ಕಡಿ ಹಿಡಿಯುವವನು, ಅವನೇ ದಲಾಲ, ಸರಕಿಡುವ ಗೋದಾಮೂ ಅವನದೇ. ಕೆಲವೆಡೆ ಖರೀದಿದಾರನೂ ಅವನೇ ಆಗಿದ್ದುಂಟು. ಪರದೆಯ ಮೇಲೆ ಕಾಣುವ ದರವೆಂದರೆ ಆ ಮಂಡಿಯಲ್ಲಿ ಕೊನೆಗೆ ಕುದುರಿದ ವ್ಯಾಪಾರದ ದರ, ಅಷ್ಟೇ. ಆ ದರಕ್ಕೆ ಹೋದದ್ದು ನೂರು ರೂಪಾಯಿ ಸರಕೋ ಕೋಟಿ ರೂಪಾಯಿ ಸರಕೋ ಎಂಬುದು ಅದರಲ್ಲಿ ಕಾಣುವುದಿಲ್ಲ.

ಅನೇಕ ಮಂಡಿಗಳ ದರ ಕೂಡಿಸಿ ಸರಾಸರಿ ತೋರಿಸುವ ಸಂಸ್ಥೆಗಳೂ ಇವೆ. ಹೆಚ್ಚು ವಹಿವಾಟು ನಡೆದ ಮಂಡಿಯ ದರಕ್ಕೆ ಹೆಚ್ಚು ತೂಕ ಕೊಡುವುದು ಅವುಗಳ ಪದ್ಧತಿ. ಮೇಲುನೋಟಕ್ಕೆ ನ್ಯಾಯವೇ. ಆದರೆ ವಹಿವಾಟಿನ ಲೆಕ್ಕ ಬರೆದುಕೊಡುವವರು ಎಕ್ಸ್‌ಚೇಂಜಿನವರೇ. ಲೆಕ್ಕ ದೊಡ್ಡದಾದಷ್ಟೂ ಪಟ್ಟಿಯಲ್ಲಿ ಹೆಸರು ಮೇಲೆ ಬರುತ್ತದೆ, ಗಿರಾಕಿಗಳು ಬರುತ್ತಾರೆ. ಹೀಗಿರುವಾಗ ಎಡಗೈಯಲ್ಲಿ ಮಾರಿ ಬಲಗೈಯಲ್ಲಿ ಕೊಂಡು ಪುಸ್ತಕ ತುಂಬಿಸುವವರು ಹುಟ್ಟದಿರುತ್ತಾರೆಯೇ? ಬಿಟ್‌ವೈಸ್ ಎಂಬ ಅಮೆರಿಕದ ಹೂಡಿಕೆ ಕಂಪನಿ 2019ರ ಮಾರ್ಚಿನಲ್ಲಿ ಅಲ್ಲಿಯ ಷೇರುಪೇಟೆ ನಿಯಂತ್ರಣ ಮಂಡಳಿಗೆ ಒಂದು ವರದಿ ಕೊಟ್ಟಿತು. ದಿನಕ್ಕೆ ಸುಮಾರು 600 ಕೋಟಿ ಡಾಲರಿನ ಬಿಟ್‌ಕಾಯಿನ್ ವಹಿವಾಟೆಂದು ಪ್ರಚಾರವಿದ್ದಾಗ, ನಿಜವಾದದ್ದು ಸುಮಾರು 27 ಕೋಟಿ ಡಾಲರು ಮಾತ್ರ ಎಂದು ಅದು ಹೇಳಿತು. ಎಂದರೆ ನೂರರಲ್ಲಿ ತೊಂಬತ್ತೈದು ಪಾಲು ಜೊಳ್ಳು. ಈ ಕಂಪನಿಗೂ ತನ್ನದೇ ಹೂಡಿಕೆ ಯೋಜನೆಗೆ ಅನುಮತಿ ಬೇಕಾಗಿತ್ತೆಂಬುದನ್ನು ಮರೆಯಬಾರದು. ಆದರೂ ಅಂಕಿಗಳು ಅಂಕಿಗಳೇ.

ಲೆಕ್ಕ ಮಾತ್ರವಲ್ಲ, ದರವನ್ನೇ ಏರಿಸಿದ ಉದಾಹರಣೆಯೂ ಇದೆ. ಜಪಾನಿನ ಟೋಕಿಯೋದಲ್ಲಿದ್ದ ಮೌಂಟ್ ಗಾಕ್ಸ್ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬಿಟ್‌ಕಾಯಿನ್ ಮಂಡಿ. 2013ರ ಕೊನೆಯಲ್ಲಿ ಎರಡೇ ತಿಂಗಳಲ್ಲಿ ದರ ಸುಮಾರು 150 ಡಾಲರಿನಿಂದ 1000 ಡಾಲರಿಗೆ ಹಾರಿತು. 2014ರ ಫೆಬ್ರವರಿಯಲ್ಲಿ ಮಂಡಿಯೇ ದಿವಾಳಿಯೆದ್ದಿತು. ಎಂಟೂವರೆ ಲಕ್ಷ ನಾಣ್ಯ ಕಾಣೆಯಾಗಿವೆ ಎಂದರು, ಆಮೇಲೆ ಎರಡು ಲಕ್ಷ ಸಿಕ್ಕಿತೆಂದರು. ಹೊರಬಿದ್ದ ಪುಸ್ತಕಗಳನ್ನು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರು, ಆ ಮಂಡಿಯೊಳಗಿನ ಅನುಮಾನಾಸ್ಪದ ಖಾತೆಗಳ ಖರೀದಿಯೇ ಆ ಏರಿಕೆಗೆ ಬಹುತೇಕ ಕಾರಣವೆಂದು 2018ರಲ್ಲಿ ಬರೆದರು. ಕೈಯಲ್ಲಿ ಹಣವಿಲ್ಲದ ಖರೀದಿದಾರ ಟೆಂಡರ್ ಏರಿಸಿದ ಹಾಗೆ. ಕಂಪನಿಯ ಮುಖ್ಯಸ್ಥನಿಗೆ ಲೆಕ್ಕ ತಿದ್ದಿದ ಅಪರಾಧಕ್ಕೆ 2019ರಲ್ಲಿ ಟೋಕಿಯೋ ನ್ಯಾಯಾಲಯ ಅಮಾನತಿನ ಶಿಕ್ಷೆ ವಿಧಿಸಿತು. ಹಣ ನುಂಗಿದ ಆರೋಪದಿಂದ ಬಿಡುಗಡೆ ಮಾಡಿತು. ಆದರೆ ಸಾವಿರ ಡಾಲರಿನ ದರ ನೋಡಿ ಕೊಂಡವರ ಗತಿ?

ಮೋಸವಿಲ್ಲದೆಯೂ ಅಂಕಿ ತಪ್ಪುತ್ತದೆ. ದಕ್ಷಿಣ ಕೊರಿಯದಲ್ಲಿ ದರ ಉಳಿದೆಡೆಗಿಂತ ಬಹಳ ಮೇಲಿತ್ತು. 2018ರ ಜನವರಿ 8ರಂದು ಕಾಯಿನ್‌ಮಾರ್ಕೆಟ್‌ಕ್ಯಾಪ್ ಎಂಬ ಸರಾಸರಿ ತೋರಿಸುವ ಸಂಸ್ಥೆ ಕೊರಿಯದ ಮಂಡಿಗಳನ್ನು ಲೆಕ್ಕದಿಂದ ಸದ್ದಿಲ್ಲದೆ ಕೈಬಿಟ್ಟಿತು. ಯಾರೂ ಮಾರದಿದ್ದರೂ ಪರದೆಯ ಮೇಲೆ ಧಾರಣೆ ಕುಸಿಯಿತು. ಕುಸಿದದ್ದನ್ನು ಕಂಡು ಹೆದರಿದವರು ಮಾರತೊಡಗಿದರು.

ಅಡವಿನ ಸಾಲ ಪಡೆದವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಗೋದಾಮಿನಲ್ಲಿ ಚಾಲಿ ಇಟ್ಟು ಸಾಲ ತೆಗೆಯುತ್ತೇವಲ್ಲ, ಹಾಗೆ ಅಲ್ಲಿಯೂ ನಾಣ್ಯ ಅಡವಿಡುತ್ತಾರೆ. ವ್ಯತ್ಯಾಸವೆಂದರೆ, ದರ ಇಳಿದೊಡನೆ ನೋಟೀಸಿಲ್ಲದೆ ಯಂತ್ರವೇ ಅಡವನ್ನು ಮಾರಿಬಿಡುತ್ತದೆ. 2025ರ ಅಕ್ಟೋಬರ್ 10ರ ಗಲಾಟೆಯಲ್ಲಿ ಒಂದು ಡಾಲರ್ ಬೆಲೆಯ ಯುಎಸ್‌ಡಿಇ ಎಂಬ ನಾಣ್ಯ ಬೈನಾನ್ಸ್ ಎಕ್ಸ್‌ಚೇಂಜಿನಲ್ಲಿ ಸುಮಾರು 65 ಸೆಂಟಿಗೆ ಇಳಿದಂತೆ ತೋರಿಸಿತು. ಅದೇ ಗಳಿಗೆಯಲ್ಲಿ ಬೇರೆ ಮಂಡಿಗಳಲ್ಲಿ ಅದು ಡಾಲರಿನ ಹತ್ತಿರವೇ ಇತ್ತು. ಅಡವಿಟ್ಟವರ ಸರಕು ಹರಾಜಾಯಿತು. ಕಂಪನಿ ಆಮೇಲೆ ಸುಮಾರು 28 ಕೋಟಿ ಡಾಲರು ಪರಿಹಾರ ಕೊಟ್ಟಿತೆಂಬುದನ್ನೂ ಹೇಳಬೇಕು.

ಪತ್ರ ಬರೆದವರ ಊರಿನ ಕಡೆಗೇ ಬರೋಣ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಅಲ್ಲಿಯ ವರಾಹ, ಅದರ ಅರ್ಧ ಬೆಲೆಯ ಪ್ರತಾಪ, ಮತ್ತದರ ಹತ್ತನೆಯ ಒಂದು ಪಾಲಿನ ಪಣಗಳ ಲೆಕ್ಕ ಬರೆದಿಟ್ಟಿದ್ದಾನೆ. ಆ ಕಾಲದ ನಾಣ್ಯವನ್ನು ಚಿನಿವಾರ ತೂಗಿ, ಒರೆಹಚ್ಚಿ ನೋಡಬಹುದಿತ್ತು. ಅಷ್ಟು ಹಿಂದಕ್ಕೇಕೆ, ಸಂಡೂರಿನ ಅದಿರನ್ನೇ ನೋಡಿ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ಬಳಿಕ ಅದಿರನ್ನು ಉಸ್ತುವಾರಿ ಸಮಿತಿಯ ಮೂಲಕ ಇ-ಹರಾಜಿನಲ್ಲೇ ಮಾರಬೇಕಾಯಿತು. 2022ರ ಮೇ ತಿಂಗಳಲ್ಲಿ ನೇರ ಮಾರಾಟಕ್ಕೆ ಮತ್ತೆ ಅವಕಾಶವಾಯಿತು. ಆ ಹರಾಜೂ ಗಣಕಯಂತ್ರದಲ್ಲೇ ನಡೆದದ್ದು. ಹಾಗಾಗಿ ತಕರಾರು ಯಂತ್ರದ ಮೇಲಲ್ಲ. ಮಾರುವವನೂ ಕೊಳ್ಳುವವನೂ ಅಲ್ಲದ ಮೂರನೆಯವನೊಬ್ಬ ಲೆಕ್ಕ ಹಿಡಿದಿದ್ದಾನೆಯೇ ಎಂಬುದರ ಮೇಲೆ.

ನಮ್ಮ ದೇಶದಲ್ಲಿ ಆ ಮೂರನೆಯವನು ಇನ್ನೂ ಬಂದಿಲ್ಲ. 2023ರ ಮಾರ್ಚಿನಿಂದ ಎಕ್ಸ್‌ಚೇಂಜುಗಳು ಅಕ್ರಮ ಹಣ ತಡೆ ಕಾಯಿದೆಯ ಕೆಳಗೆ ಬಂದಿವೆ, ನೋಂದಣಿಯೂ ಆಗುತ್ತಿದೆ. ಅದು ಹಣದ ಮೂಲ ತಿಳಿಯಲು, ದರದ ಸತ್ಯಾಸತ್ಯತೆಗಲ್ಲ. ರೂಪಾಯಿ ದರದಲ್ಲಿ ಇನ್ನೊಂದು ತೊಡಕಿದೆ. ಅನೇಕ ಕಡೆ ಅದನ್ನು ಟೆದರ್ ಎಂಬ ಡಾಲರ್ ಲೆಕ್ಕದ ನಾಣ್ಯದ ಮೂಲಕ ಕಟ್ಟುತ್ತಾರೆ, ಆ ಟೆದರ್ ನಮ್ಮಲ್ಲಿ ಬ್ಯಾಂಕಿನ ಡಾಲರ್ ದರಕ್ಕಿಂತ ಕೆಲವು ರೂಪಾಯಿ ಹೆಚ್ಚಿಗೆ ಮಾರುವುದು ವಾಡಿಕೆ. ಮಗ ನೋಡುವ ಡಾಲರ್ ದರಕ್ಕೂ ತಂದೆ ನೋಡುವ ರೂಪಾಯಿ ದರಕ್ಕೂ ತಾಳೆಯಾಗದಿರಲು ಇದೊಂದು ಕಾರಣ.

ಪರದೆಯನ್ನು ನಂಬಿ ಪೊಲೀಸರೂ ಪೇಚಿಗೆ ಸಿಲುಕಿದ್ದುಂಟು. 2021ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ಹ್ಯಾಕಿಂಗ್ ಆರೋಪಿಯೊಬ್ಬನಿಂದ 9 ಕೋಟಿ ರೂಪಾಯಿಯ 31 ಬಿಟ್‌ಕಾಯಿನ್ ವಶವಾಯಿತೆಂದು ಪ್ರಕಟಿಸಿದರು. ಅದು ಎಕ್ಸ್‌ಚೇಂಜೊಂದರ ಚಾಲ್ತಿ ಖಾತೆ, ಅದರ ಕೀಲಿಕೈ ಆರೋಪಿಯ ಬಳಿ ಇರಲೇ ಇಲ್ಲವೆಂದು ಅದೇ ವರ್ಷ ನವೆಂಬರಿನಲ್ಲಿ ಅವರೇ ಹೇಳಬೇಕಾಯಿತು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರಿನ ನಾಣ್ಯ ಕಳುವಾದಾಗ, ಗ್ರಾಹಕರು ತಮ್ಮ ನಾಣ್ಯಗಳಿಗಾಗಿ ವರ್ಷಕ್ಕೂ ಮೀರಿ ಕಾಯಬೇಕಾಯಿತು. ಹೊರಗೆ ದರ ಏರುತ್ತಿದ್ದರೂ ಒಳಗಿದ್ದವರಿಗೆ ಮಾರುವ ದಾರಿಯಿರಲಿಲ್ಲ.

ಇಷ್ಟಾದರೂ ಮಗ ಕೇಳದಿದ್ದರೆ, ಅವನಿಂದ ಒಂದು ಕೆಲಸ ಮಾಡಿಸಿ. ಸಾವಿರ ರೂಪಾಯಿಯದನ್ನು ಕೊಂಡು, ಮರುದಿನ ಮಾರಿ, ಹಣವನ್ನು ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿಗೆ ತರಿಸಲಿ. ಕೊಳ್ಳುವ ದರ, ಮಾರುವ ದರ, ಕಮಿಷನ್, ಮಾರುವಾಗ ಮುರಿದುಕೊಳ್ಳುವ ನೂರಕ್ಕೆ ಒಂದರ ತೆರಿಗೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಲಾಭವಾದರೆ ಅದರ ಮೇಲೆ ನೂರಕ್ಕೆ ಮೂವತ್ತು ಆದಾಯ ತೆರಿಗೆ ಬೇರೆ. ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಬಿದ್ದ ಮೊತ್ತವನ್ನು ಪರದೆಯ ದರದ ಪಕ್ಕದಲ್ಲಿಟ್ಟು ನೋಡಿ. ಪತ್ರ ಬರೆದವರು ಆ ಹಾಳೆಯನ್ನು ನಮಗೂ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.