ಅರ್ಜಿಯನ್ನು ತಾಳೆ ನೋಡುವ ಯಂತ್ರ

ಕಡೂರಿನ ಪಿನ್ ಕೋಡು 577548, ಅಜ್ಜಂಪುರದ್ದು 577547. ಎರಡಕ್ಕೂ ಇರುವ ಅಂತರ ಕಡೆಯ ಸ್ಥಾನದಲ್ಲಿ ಒಂದೇ ಒಂದು. ಕೀಲಿಮಣೆಯ ಮೇಲೆ 7 ಮತ್ತು 8 ಪಕ್ಕಪಕ್ಕದಲ್ಲಿಯೇ ಇವೆ. ಬೆರಳು ತುಸು ಜಾರಿದರೆ ಸಾಕು, ಕಡೂರಿನ ಮನುಷ್ಯನು ಅಜ್ಜಂಪುರದವನಾಗಿಬಿಡುತ್ತಾನೆ. ಅವನ ಅರ್ಜಿಯನ್ನು ಪರೀಕ್ಷಿಸುವ ಯಂತ್ರವು "ಸರಿಯಾಗಿದೆ" ಎಂದು ಒಪ್ಪಿ ಮುಂದಕ್ಕೆ ಕಳುಹಿಸುತ್ತದೆ. ಅದರ ಮೇಲೆ ತಪ್ಪು ಹೊರಿಸುವಂತಿಲ್ಲ. ಆರು ಅಂಕಿಗಳಿವೆಯೆ? ಇವೆ. ಮೊದಲನೆಯದು ಸೊನ್ನೆಯಲ್ಲವಷ್ಟೆ? ಅಲ್ಲ. ಅಂಥದೊಂದು ಅಂಚೆ ವಿಳಾಸ ಉಂಟೆ? ಉಂಟು. ಹೇಳಿಕೊಟ್ಟ ಪ್ರಶ್ನೆಗಳಿಗೆಲ್ಲ ಉತ್ತರ ದೊರೆತ ಮೇಲೆ ಅದು ಇನ್ನೇನು ಮಾಡೀತು?

ಪಹಣಿಯಾಗಲಿ, ಆದಾಯದ ಪ್ರಮಾಣಪತ್ರವಾಗಲಿ, ವಿದ್ಯಾರ್ಥಿವೇತನವಾಗಲಿ, ಈಗ ಬಹುಪಾಲು ಅರ್ಜಿಗಳು ಕಂಪ್ಯೂಟರಿನ ಪರದೆಯ ಮೇಲೆಯೇ ಹುಟ್ಟಿ ಅಲ್ಲಿಯೇ ವಿಲೇವಾರಿಯಾಗುತ್ತವೆ. ಕಾಗದದ ಅರ್ಜಿಗೆ ಒಂದು ಗುಣವಿತ್ತು: ಅದಕ್ಕೆ ಅಂಚು ಇತ್ತು. ಕೇಳಿದ ಪ್ರಶ್ನೆ ತಮ್ಮ ಸ್ಥಿತಿಗೆ ಹೊಂದದಿದ್ದರೆ ಜನರು ಅಂಚಿನಲ್ಲಿ ಎರಡು ಸಾಲು ಬರೆಯುತ್ತಿದ್ದರು. ಗುಮಾಸ್ತನು ಓದಿ ತಲೆದೂಗುತ್ತಿದ್ದನು, ಇಲ್ಲವೆ ಗದರಿಸುತ್ತಿದ್ದನು. ಪರದೆಯ ನಮೂನೆಗೆ ಅಂಚಿಲ್ಲ. ಅದರಲ್ಲಿರುವುದು ಚೌಕಗಳು, ಚೌಕಗಳಿಗೆ ಕಟ್ಟಿದ ನಿಯಮಗಳು.

ಈ ನಿಯಮಗಳು ಕೆಲಸ ಮಾಡುವ ಬಗೆಯನ್ನು ನೋಡೋಣ. ವೆಬ್ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯ ಎರಡನೆಯ ಆವೃತ್ತಿಯಲ್ಲಿ, 1995ರಲ್ಲಿಯೇ, ನಮೂನೆಗೆ ವಿಧಿವತ್ತಾದ ಸ್ಥಾನ ದೊರೆತಿತ್ತು. ಆದರೆ ಚೌಕದಲ್ಲಿ ಏನು ಬರೆದರೂ ಅದು ಸುಮ್ಮನೆ ಹೊತ್ತುಕೊಂಡು ಹೋಗುತ್ತಿತ್ತು. ತಾಳೆ ನೋಡಬೇಕೆಂದರೆ ಪ್ರತ್ಯೇಕವಾಗಿ ಪ್ರೋಗ್ರಾಂ ಬರೆಯಬೇಕಾಗಿತ್ತು. 2014ರಲ್ಲಿ ಅಂಗೀಕೃತವಾದ ಐದನೆಯ ಆವೃತ್ತಿಯು "ಈ ಚೌಕ ಖಾಲಿ ಇರತಕ್ಕದ್ದಲ್ಲ", "ಇಲ್ಲಿ ದಿನಾಂಕವೇ ಬರತಕ್ಕದ್ದು", "ಇಲ್ಲಿ ಆರು ಅಂಕಿಗಳೇ ಇರತಕ್ಕದ್ದು" ಎಂಬ ಕಟ್ಟಳೆಗಳನ್ನು ಚೌಕದ ಮೈಮೇಲೆಯೇ ಬರೆಯಲು ಎಡೆ ಮಾಡಿಕೊಟ್ಟಿತು. ಅವನ್ನು ಜಾರಿಗೆ ತರುವುದು ನಮ್ಮ ಕೈಯಲ್ಲಿರುವ ಬ್ರೌಸರ್.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ತರೀಕೆರೆಯ ಕಡೆಯ ರೈತನು ಒಣಗಿದ ಅಡಿಕೆಯನ್ನು ಮನೆಯಲ್ಲಿ ತೂಗಿಯೇ ಚೀಲ ಹೊಲಿಯುತ್ತಾನೆ. ಆದರೂ ಮಂಡಿಯಲ್ಲಿ ಅದನ್ನು ಮತ್ತೆ ತೂಗುತ್ತಾರೆ. ಮನೆಯ ತೂಕವನ್ನು ನಂಬಿ ಯಾರೂ ಹಣ ಎಣಿಸುವುದಿಲ್ಲ. ಬ್ರೌಸರಿನ ಪರೀಕ್ಷೆ ಮನೆಯ ತಕ್ಕಡಿ. ತಪ್ಪಿದ್ದರೆ ಒಡನೆಯೇ ತಿಳಿಯಲೆಂಬುದು ಅದರ ಉಪಯೋಗ. ಅರ್ಜಿಯನ್ನು ಸ್ವೀಕರಿಸುವ ದೂರದ ಸರ್ವರ್ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಲೇಬೇಕು, ಏಕೆಂದರೆ ಬಲ್ಲವನು ಬ್ರೌಸರಿನ ಕಟ್ಟಳೆಯನ್ನು ಕ್ಷಣಾರ್ಧದಲ್ಲಿ ಕಿತ್ತುಹಾಕಬಲ್ಲನು. ನಮೂನೆಯನ್ನು ತೆರೆಯದೆಯೇ ನೇರವಾಗಿ ಸರ್ವರಿಗೆ ಏನನ್ನಾದರೂ ಕಳುಹಿಸಬಲ್ಲನು. ಈ ಎರಡನೆಯ ತೂಕವನ್ನು ಮರೆತ ನಮೂನೆಗಳಿಂದ ಆಗಿರುವ ಅನಾಹುತಗಳಿಗೆ ಲೆಕ್ಕವಿಲ್ಲ.

ಎರಡು ಸಲ ತೂಗಿದರೂ ಚೀಲದೊಳಗಿನ ಅಡಿಕೆ ಯಾರದೆಂಬುದು ತಕ್ಕಡಿಗೆ ಗೊತ್ತಾಗುವುದಿಲ್ಲ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ಸಮೀಕರಣ ಬರೆದೊಡನೆ ಅದರ ಎರಡು ಬದಿಗಳ ಆಯಾಮಗಳನ್ನು ತಾಳೆ ನೋಡಿರೆಂದು ನಾವು ಮೊದಲ ವಾರದಲ್ಲಿಯೇ ಕಲಿಸುತ್ತೇವೆ. ಚಲನಶಕ್ತಿಯನ್ನು ದ್ರವ್ಯರಾಶಿ ಮತ್ತು ವೇಗವರ್ಗಗಳ ಗುಣಲಬ್ಧವೆಂದು ಬರೆದವನ ಆಯಾಮಗಳು ನಿರ್ದುಷ್ಟವಾಗಿರುತ್ತವೆ. ಉತ್ತರ ಮಾತ್ರ ಎರಡು ಪಟ್ಟು ತಪ್ಪು. ಅರ್ಧವೆಂಬ ಭಾಗಕಕ್ಕೆ ಆಯಾಮವೇ ಇಲ್ಲವಾದುದರಿಂದ ಪರೀಕ್ಷೆ ಅದನ್ನು ಕಾಣಲಾರದು. ನಮೂನೆಯ ಪರೀಕ್ಷೆಯೂ ಆಯಾಮದ ಪರೀಕ್ಷೆಯೇ: ಆಕಾರ ಕೆಟ್ಟುದನ್ನು ತಡೆಯುತ್ತದೆ, ನಿಜವಾದುದನ್ನು ಗುರುತಿಸುವುದಿಲ್ಲ. ಕೆಲವು ವೇಳೆ ನಿಜವನ್ನೇ ಬಾಗಿಲಾಚೆ ನಿಲ್ಲಿಸಿಬಿಡುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

2017ರಲ್ಲಿ ಸರ್ಕಾರವು ಸಾರಿದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು; ಅದಕ್ಕೆ ಮುನ್ನ ಅದು ತರೀಕೆರೆ ತಾಲ್ಲೂಕಿಗೆ ಸೇರಿತ್ತು. 2019ರಲ್ಲಿ ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕುಳಿತಳು. ಅವಳದು ಅಜ್ಜಂಪುರದ ಸಮೀಪದ ಹಳ್ಳಿ. ನಮೂನೆಯಲ್ಲಿ ಜಿಲ್ಲೆಯನ್ನು ಆರಿಸಿದರೆ ಅದರ ತಾಲ್ಲೂಕುಗಳ ಪಟ್ಟಿ ತೆರೆಯುತ್ತಿತ್ತು. ಪಟ್ಟಿಯಲ್ಲಿ ಕಡೂರಿತ್ತು, ತರೀಕೆರೆಯಿತ್ತು, ಅಜ್ಜಂಪುರವಿರಲಿಲ್ಲ. ಚೌಕವನ್ನು ಖಾಲಿ ಬಿಡುವಂತಿಲ್ಲ, ಕೈಯಾರೆ ಬರೆಯುವಂತೆಯೂ ಇಲ್ಲ. ಅವಳು ತರೀಕೆರೆಯನ್ನು ಆರಿಸಿದಳು. ಆದರೆ ಲಗತ್ತಿಸಿದ ಆದಾಯ ಪ್ರಮಾಣಪತ್ರದಲ್ಲಿ ಅಜ್ಜಂಪುರ ತಾಲ್ಲೂಕೆಂದೇ ಮುದ್ರಿತವಾಗಿತ್ತು. ಮುಂದಿನ ಚೌಕವು "ಕೊನೆಯ ಹೆಸರು" ಕೇಳಿತು. ಹೆಸರಿನ ಹಿಂದೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇಟ್ಟುಕೊಳ್ಳುವ ನಮ್ಮವರಿಗೆ ಕೊನೆಯ ಹೆಸರೆಲ್ಲಿಯದು? ಒಂದಕ್ಷರ ಬರೆದರೆ ಯಂತ್ರ ಒಪ್ಪಲಿಲ್ಲ. ಕಂಪ್ಯೂಟರ್ ಅಂಗಡಿಯ ಹುಡುಗನು ತಂದೆಯ ಹೆಸರನ್ನೇ ತುಂಬಿದನು. ಅದೂ ಅಂಕಪಟ್ಟಿಗೆ ಹೊಂದಲಿಲ್ಲ. ಎರಡು ತಿಂಗಳ ಮೇಲೆ ಅರ್ಜಿ "ವಿವರಗಳು ತಾಳೆಯಾಗುತ್ತಿಲ್ಲ" ಎಂಬ ಒಂದೇ ವಾಕ್ಯದೊಡನೆ ತಿರಸ್ಕೃತವಾಯಿತು. ಅಷ್ಟರಲ್ಲಿ ಕೊನೆಯ ದಿನಾಂಕ ಕಳೆದುಹೋಗಿತ್ತು. ತಂದೆಯು ಬೆಲೆ ಏರುವವರೆಗೆ ಕಾಯದೆ ಈರುಳ್ಳಿಯನ್ನು ಮಾರಿ ಹಾಸ್ಟೆಲಿನ ಹಣ ಕಟ್ಟಿದರು. ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಸುಳ್ಳನ್ನು ಬರೆಸಿಕೊಂಡುದು ನಮೂನೆ.

ಕನ್ನಡದಲ್ಲಿ ಬರೆಯಲು ಬಿಟ್ಟಿದ್ದರೆ ತೊಡಕು ತಪ್ಪುತ್ತಿತ್ತೆ? ಅದು ಬೇರೊಂದು ಬಗೆಯ ತೊಡಕು. ಚೌಕದೊಳಗೆ "ಅಕ್ಷರಗಳು ಮಾತ್ರ" ಇರತಕ್ಕದ್ದೆಂದು ನಿಯಮ ಮಾಡಿದರೆ "ಕಮಲ" ಎಂಬ ಹೆಸರು ಒಳಕ್ಕೆ ಹೋಗುತ್ತದೆ, "ಕಮಲಾ" ಹೊರಗೆ ಉಳಿಯುತ್ತಾಳೆ! ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ ಕ, ಮ, ಲ ಇವು ಅಕ್ಷರಗಳು. ಕಡೆಯಲ್ಲಿರುವ ಇಳಿಯು ಅಕ್ಷರವಲ್ಲ, ಚಿಹ್ನೆಯೆಂಬ ಬೇರೆ ವರ್ಗ. ಕಾಗುಣಿತವನ್ನರಿಯದವನು ಬರೆದ ನಿಯಮಕ್ಕೆ ಕನ್ನಡದ ಮುಕ್ಕಾಲು ಹೆಸರುಗಳು ತಪ್ಪಾಗಿ ಕಾಣುತ್ತವೆ.

ಇದಕ್ಕಿಂತ ಸೂಕ್ಷ್ಮವಾದುದು ತರೀಕೆರೆಯ ಹೆಸರಿನಲ್ಲಿಯೇ ಅಡಗಿದೆ. ಕಣ್ಣಿಗೆ ಅದರಲ್ಲಿ ನಾಲ್ಕು ಅಕ್ಷರಗಳು. ಯಂತ್ರಕ್ಕೆ ಏಳು ಸಂಕೇತಗಳು. "ರೀ" ಎಂಬುದನ್ನು ರಕಾರ ಹಾಗೂ ದೀರ್ಘವುಳ್ಳ ಗುಡಿಸು ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು. ರಕಾರ, ಗುಡಿಸು, ದೀರ್ಘ ಎಂದು ಮೂರರಲ್ಲಿಯೂ ಬರೆಯಬಹುದು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದುದೂ ಹೀಗೆಯೇ ಅಲ್ಲವೆ? ಆಗ ಏಳು ಹೋಗಿ ಎಂಟಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ರೂಪ. ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಯಂತ್ರಕ್ಕೆ ಮಾತ್ರ ಇವು ಎರಡು ಬೇರೆ ಊರುಗಳು. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನು ಯೂನಿಕೋಡಿನವರೇ ಒದಗಿಸಿದ್ದಾರೆ. ಒಂದು ಸಾಲಿನ ಕೆಲಸ. ಆ ಸಾಲನ್ನು ಬರೆಯಬೇಕೆಂಬ ನೆನಪು ನಮೂನೆ ಕಟ್ಟುವವನಿಗೆ ಇರಬೇಕು, ಅಷ್ಟೆ.

ಅಂಕಿಗಳಲ್ಲಾದರೆ ಗಣಿತಜ್ಞರು ಹೆಚ್ಚು ದೂರ ಸಾಗಿದ್ದಾರೆ. ಪಿನ್ ಕೋಡಿನಲ್ಲಿ ಇಲ್ಲದ ಒಂದು ಉಪಾಯ ಆಧಾರ್ ಸಂಖ್ಯೆಯಲ್ಲಿದೆ. ಅದರ 12 ಅಂಕಿಗಳಲ್ಲಿ ಕಡೆಯದು ಕಾವಲುಗಾರ. ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಪಡೆದುದು. ಸುಮ್ಮನೆ ಕೂಡಿದರೆ ಸಾಲದು: 577548ರ ಅಂಕಿಗಳ ಮೊತ್ತ 36, ನಾಲ್ಕನೆಯ ಹಾಗೂ ಐದನೆಯ ಅಂಕಿಗಳು ಸ್ಥಳ ಬದಲಿಸಿದ 577458ರದೂ 36. ಸ್ಥಾನಕ್ಕೆ ತಕ್ಕಂತೆ 1ರಿಂದ 6ರವರೆಗೆ ಗುಣಿಸಿ ಕೂಡಿದರೆ ಮೊದಲನೆಯದು 128, ಎರಡನೆಯದು 129, ಕಳ್ಳ ಸಿಕ್ಕಿಬಿದ್ದ. ಆದರೆ ಈ ಬಗೆಯ ಗುಣಾಕಾರದಿಂದ ಒಂದೇ ದಶಮಾಂಶ ಅಂಕಿಯನ್ನು ಕಾವಲಿಗಿಟ್ಟು ಒಂದಂಕಿಯ ತಪ್ಪುಗಳನ್ನೂ ಪಕ್ಕದ ಅಂಕಿಗಳ ಅದಲುಬದಲನ್ನೂ ಒಂದೂ ಬಿಡದೆ ಹಿಡಿಯಲಾಗದು. 1969ರಲ್ಲಿ ಹಾಲೆಂಡಿನ ಯಾಕೋಬಸ್ ವೆರ್ಹೂಫ್ ಬೇರೊಂದು ಬಗೆಯಿಂದ ಅದನ್ನು ಸಾಧಿಸಿದನು. ಸಮಪಂಚಭುಜವೊಂದನ್ನು ತಿರುಗಿಸಿ ಆಮೇಲೆ ಮಗುಚುವುದೂ, ಮಗುಚಿ ಆಮೇಲೆ ತಿರುಗಿಸುವುದೂ ಒಂದೇ ಅಲ್ಲ. ಹತ್ತು ಅಂಕಿಗಳನ್ನು ಪಂಚಭುಜದ ಇಂಥ ಹತ್ತು ಚಲನೆಗಳಿಗೆ ಹೊಂದಿಸಿದರೆ ಅನುಕ್ರಮ ಬದಲಾದಾಗ ಫಲವೂ ಬದಲಾಗುವಂತೆ ಏರ್ಪಡಿಸಬಹುದು. ಒಂದಂಕಿಯ ತಪ್ಪಾಗಲಿ, ಪಕ್ಕದ ಎರಡು ಅಂಕಿಗಳ ಅದಲುಬದಲಾಗಲಿ, ಅವನ ವಿಧಾನದಿಂದ ತಪ್ಪಿಸಿಕೊಳ್ಳಲಾರವು. ಆಧಾರಿನಲ್ಲಿರುವುದು ಇದೇ. ಆದರೂ ಅಣ್ಣನ ಚೌಕದಲ್ಲಿ ತಮ್ಮನ ಸಂಖ್ಯೆ ಬರೆದರೆ ಪಂಚಭುಜವೂ ಮೌನ.

ಒಳ್ಳೆಯ ನಮೂನೆಯನ್ನು ಗುರುತಿಸುವುದು ಕಷ್ಟವಲ್ಲ. ತಪ್ಪಾದ ಚೌಕದ ಪಕ್ಕದಲ್ಲಿಯೇ ಅದು ತಪ್ಪನ್ನು ತೋರಿಸುತ್ತದೆ. ಏನು ಬೇಕಾಗಿತ್ತೆಂದು ಹೇಳುತ್ತದೆ. ತುಂಬಿದುದನ್ನೆಲ್ಲ ಅಳಿಸಿ ಮತ್ತೆ ಬರೆಸುವುದಿಲ್ಲ. ೫೭೭೫೪೮ ಎಂದು ಕನ್ನಡ ಅಂಕಿಗಳಲ್ಲಿ ಬರೆದವನನ್ನು ಹಿಂದಕ್ಕಟ್ಟದೆ ತಾನೇ ಪರಿವರ್ತಿಸಿಕೊಳ್ಳುತ್ತದೆ. ಪಿನ್ ಕೋಡು ಬರೆದೊಡನೆ "ಅಜ್ಜಂಪುರವೆ?" ಎಂದು ಕೇಳಿದರಂತೂ ಕಡೂರಿನವನು ಬೆಚ್ಚಿ ತಿದ್ದಿಕೊಳ್ಳುತ್ತಾನೆ. ಒಂದೇ ಒಂದು ಹೆಸರುಳ್ಳವರನ್ನು ಅದು ಮನುಷ್ಯರೆಂದು ಒಪ್ಪುತ್ತದೆ.

ಈಚೆಗೆ ನಮ್ಮ ಪ್ರಯೋಗಶಾಲೆಯ ಸಾಮಾನುಗಳ ದಾಖಲೆಗಾಗಿ ವಿದ್ಯಾರ್ಥಿಗಳಿಂದಲೇ ಒಂದು ನಮೂನೆ ಕಟ್ಟಿಸಿದೆನು. ಸಾಮಾನು ಪಡೆಯುವವರ ವಿಳಾಸ ಅದರಲ್ಲಿ ಬೇಕಾಗಿತ್ತು. ತರೀಕೆರೆಯನ್ನು ಎರಡು ವಿಧವಾಗಿ ಬರೆದು ಪರೀಕ್ಷಿಸಿದೆವು. ಮೊದಲ ಸಲ ಸೋತಿತು, ಎರಡನೆಯ ಸಲ ಗೆದ್ದಿತು. ತಾಲ್ಲೂಕಿನ ಪಟ್ಟಿಯ ತುದಿಯಲ್ಲಿ ಒಬ್ಬ ಹುಡುಗನು, ನಾನು ಹೇಳದಿದ್ದರೂ, ಇನ್ನೊಂದು ಸಾಲು ಸೇರಿಸಿದ್ದನು: "ಇದರಲ್ಲಿ ನನ್ನ ಊರಿಲ್ಲ, ನಾನೇ ಬರೆಯುತ್ತೇನೆ." ಅದನ್ನು ಆರಿಸಿದರೆ ಒಂದು ಖಾಲಿ ಚೌಕ ತೆರೆಯುತ್ತದೆ. ಅದಕ್ಕೆ ಅವನು ಯಾವ ನಿಯಮವನ್ನೂ ಕಟ್ಟಿರಲಿಲ್ಲ.